ಸ್ಪ್ಯಾನರ್ ಎತ್ತಿಕೊಡುವ ಕೆಲಸ

ನಂಜನಗೂಡು
21 ಜುಲೈ 2024

ಅಪ್ಪನಿಗೆ,

ನಾನು ಕ್ಷೇಮ. ನೀವೂ ಕ್ಷೇಮವಾಗಿರುವುದನ್ನು ಪೇಪರಿನಲ್ಲಿ ನೋಡಿದೆ.

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ಇನ್ನರ್ಧ ಕೇಳಿಸಿದರೂ "ಆಂ? ಆಂ?" ಎಂದು ಜಾರಿಕೊಳ್ಳುತ್ತೀರಿ. ಕಾಗದಕ್ಕೆ ಆಂ ಎನ್ನಲು ಬರುವುದಿಲ್ಲ, ಅದಕ್ಕೇ ಕಾಗದ.

ಕಳೆದ ಭಾನುವಾರದ ಪೇಪರನ್ನು ನಮ್ಮ ಫ್ಯಾಕ್ಟರಿಯ ನಂಜೇಶ್ ತಂದು ಮೇಜಿನ ಮೇಲೆ ಹರಡಿ, "ನಿಮ್ಮೂರಿನ ಗಾಡಿ ಅಲ್ವಾ ಮೇಡಂ" ಎಂದ. ಅರ್ಧ ಪುಟ. ಮೇಲೆ ದಪ್ಪಕ್ಷರದಲ್ಲಿ "ನರಸೀಪುರದ ಜಪಾನಿ ಎಮ್ಮೆ". ಕೆಳಗೆ ನೀವು, ಬಿಳಿ ಷರಟು ಹಾಕಿಕೊಂಡು, ನಗುತ್ತಾ. ಆ ಷರಟಿನಲ್ಲಿ ನೀವು ಗ್ಯಾರೇಜಿನೊಳಗೆ ಕಾಲಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಪೇಪರಿನವರು ಗಾಡಿಯ ಚರಿತ್ರೆಯನ್ನೆಲ್ಲ ಸರಿಯಾಗಿಯೇ ಬರೆದಿದ್ದಾರೆ. ಸುಜುಕಿ ಜಿಟಿ 750, 1974ರದ್ದು. ಮೂರು ಸಿಲಿಂಡರು, ನಾಲ್ಕು ಸೈಲೆನ್ಸರು, ಟೂ ಸ್ಟ್ರೋಕ್ ಆದರೂ ಕಾರಿನ ಹಾಗೆ ನೀರಿನ ರೇಡಿಯೇಟರು. ನಂಜನಗೂಡಿನ ಕೃಷ್ಣಪ್ರಸಾದ್ ಅವರು ಕುವೈತಿನ ಕೆಲಸ ಬಿಟ್ಟು ಬರುವಾಗ ಹಡಗಿನಲ್ಲಿ ತಂದದ್ದು, ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಕನ್ಯಾಕುಮಾರಿ, ಗೋವಾ ಎಂದು ಸುತ್ತಿದ್ದು, ತೊಂಬತ್ತಾರರಲ್ಲಿ ಬಿಡಿಭಾಗ ಸಿಗದೆ ನಿಂತಾಗ "ನೀನೇ ಸಾಕ್ಕೊ ಶಿವರಾಜು" ಎಂದು ನಿಮಗೆ ಬಿಟ್ಟುಕೊಟ್ಟದ್ದು, ಎಲ್ಲ ಇದೆ. ಹದಿನಾರು ವರ್ಷ ಅದು ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಬಿದ್ದಿತ್ತು ಎಂಬುದೂ ಇದೆ. ಆ ಟಾರ್ಪಾಲನ್ನು ಎತ್ತಿದ್ದು ಯಾರು ಎಂಬುದು ಮಾತ್ರ ಇಲ್ಲ.

2012ರಲ್ಲಿ ಡಿಪ್ಲೊಮಾ ಮುಗಿಸಿ ಬಂದು ಅದನ್ನು ಎತ್ತಿದವಳು ನಾನು. ಅದೇ ವರ್ಷ ನೀವು ಬನ್ನೂರು ರಸ್ತೆಯಲ್ಲಿ ಬಿದ್ದು ಬಲಭುಜ ಮುರಿದುಕೊಂಡಿದ್ದಿರಿ, ಕೈಯಲ್ಲಿ ಬಲವೇ ಇರಲಿಲ್ಲ. ಕ್ರ್ಯಾಂಕು ಬಿಚ್ಚಿದವಳು ನಾನು. ಬೇರಿಂಗು ಹುಡುಕಿ ಹೊರದೇಶದಿಂದ ತರಿಸಿದವಳು, ಇಂಗ್ಲಿಷಿನ ಮ್ಯಾನ್ಯುಯಲ್ಲನ್ನು ಸಾಲು ಸಾಲಾಗಿ ಓದಿದವಳು, 2016ರಲ್ಲಿ ಇಂಜಿನ್ ಮುಚ್ಚಿದವಳು ನಾನು. ನಿಮ್ಮ ಗುರುಗಳ ಕಾಲದ ಪದ್ಧತಿ ನೀವೇ ಹೇಳಿಕೊಟ್ಟದ್ದು. ಇಂಜಿನ್ ಮುಚ್ಚುವವರು ಯಾರೂ ನೋಡದ ಕಡೆ, ಒಳಗೆ, ಪಂಚಿನಲ್ಲಿ ತಮ್ಮ ಒಂದಕ್ಷರ ಹೊಡೆಯಬೇಕು. ನಂಬಿಕೆಯಿಲ್ಲದಿದ್ದರೆ ಬಿಚ್ಚಿ ನೋಡಿಕೊಳ್ಳಿ.

ಪೇಪರಿನವರು ಕೇಳಿದ್ದಾರೆ, ಯಾರಾದರೂ ಸಹಾಯಕ್ಕಿದ್ದರೇ ಎಂದು. ನಿಮ್ಮ ಉತ್ತರ: "ಮಗಳು ಸ್ಪ್ಯಾನರ್ ಎತ್ತಿಕೊಡುತ್ತಿದ್ದಳು."

ಈ ಮಾತು ನಾನು ಕೇಳುತ್ತಿರುವುದು ಎರಡನೇ ಸಲ. ಮೊದಲ ಸಲ 2021ರಲ್ಲಿ, ಬನ್ನೂರಿನ ನಟರಾಜ್ ತಮ್ಮ ಆರ್‌ಎಕ್ಸ್ ತಂದಾಗ. ಇಂಜಿನ್ನಿನೊಳಗೆ ನನ್ನ ಕೈ ನೋಡಿ ಆ ಮನುಷ್ಯ "ಹೆಂಗಸರು ಕೈ ಹಾಕಿದ ಇಂಜಿನ್ ನಂಗೆ ಬ್ಯಾಡ ಕಣ್ರೀ" ಎಂದರು. ನೀವು ತಲೆ ಕೆರೆದುಕೊಂಡು ಹೇಳಿದ್ದು: "ಅಯ್ಯೋ ಇಲ್ಲ ಸಾ, ಅವ್ಳು ಸ್ಪ್ಯಾನರ್ ಎತ್ಕೊಡ್ತಾಳೆ ಅಷ್ಟೇ." ಮಾರನೆಯ ದಿನ ಅದೇ ಇಂಜಿನ್ನನ್ನು ನನ್ನ ಕೈಯಲ್ಲೇ ಮುಚ್ಚಿಸಿ, ನಿಮ್ಮದೆಂದು ಕೊಟ್ಟು ಕಳಿಸಿದಿರಿ. ನಾನು ಆ ತಿಂಗಳೇ ಇಲ್ಲಿಗೆ ಬಂದೆ. ಯಾಕೆ ಬಂದೆ ಎಂದು ನೀವು ಇವತ್ತಿನವರೆಗೆ ಕೇಳಿಲ್ಲ.

ಸೆಪ್ಟೆಂಬರ್ 22ಕ್ಕೆ ಮೈಸೂರಿನಲ್ಲಿ ಹಳೆಯ ಗಾಡಿಗಳ ಪ್ರದರ್ಶನಕ್ಕೆ ಎಮ್ಮೆ ಹೋಗುತ್ತದಂತೆ. ಆ ಅರ್ಜಿಯಲ್ಲಿ "ಇಂಜಿನ್ ಕಟ್ಟಿದವರು" ಎಂದು ಒಂದು ಸಾಲಿದೆ, ಗಾಡಿಯ ಮುಂದಿಡುವ ಬೋರ್ಡಿನಲ್ಲಿ ಅದೇ ಬರುತ್ತದೆ. ಅಲ್ಲಿ ನನ್ನ ಹೆಸರು ಬರೆಯಬೇಕು. ನಿಮ್ಮಿಂದ ನನಗೆ ಬೇಕಾದದ್ದು ಅದೊಂದೇ.

ನಂದಿತಾ ಎಸ್.

ಇನ್ನೊಂದು: ಚಿತ್ರದಲ್ಲಿ ನೀವು ಪೆಟ್ರೋಲ್ ಟ್ಯಾಂಕಿಗೆ ಅದೇನನ್ನು ಸುರಿಯುತ್ತಿದ್ದೀರಿ?


ತಿ. ನರಸೀಪುರ
2 ಆಗಸ್ಟ್ 2024

ಚಿ. ನಂದಿತಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ನಂಜುಂಡೇಶ್ವರನ ದಯೆಯಿಂದ ಇಲ್ಲಿ ಎಲ್ಲ ಚೆನ್ನಾಗಿದೆ. ನಿನ್ನ ಕಾಗದ ಓದಿ ಮಾತ್ರ ಮೈಯೆಲ್ಲ ಉರಿಯಿತು.

ನಾನು ಯಾವತ್ತಿನಿಂದ ನಿನಗೆ "ನೀವು" ಆದೆ? ಮಾತು ಬಂದಾಗಿನಿಂದ "ಅಪ್ಪ ನೀನು, ಅಪ್ಪ ನೀನು" ಎಂದವಳು. ಈಗ ಆಫೀಸಿನಿಂದ ನೋಟೀಸು ಕೊಟ್ಟ ಹಾಗೆ ನೀವು, ನಿಮ್ಮ, ನಿಮಗೆ. ನಿನ್ನಮ್ಮನಿಗೆ ಓದಿ ಹೇಳಲು ನನಗೆ ನಾಚಿಕೆಯಾಯಿತು.

ನನ್ನ ಕಿವಿಗೆ ಏನೂ ಆಗಿಲ್ಲ. ನಿನ್ನ ಫೋನ್ ಸರಿಯಿಲ್ಲ.

ನಟರಾಜ್ ವಿಷಯ ಹೇಳುತ್ತೇನೆ. ಅವರ ಒಂದು ಮಾತಿಗೆ ಬನ್ನೂರಿನಿಂದ ತಿಂಗಳಿಗೆ ಹತ್ತು ಗಾಡಿ ಬರುತ್ತಿದ್ದವು. ಅವತ್ತು ನಾನು "ಹೌದು, ನನ್ನ ಮಗಳೇ ಕಟ್ಟಿದ್ದು" ಎಂದಿದ್ದರೆ ಅವರು ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು, ಹಿಂದೆ ಹತ್ತೂ ಹೋಗುತ್ತಿದ್ದವು. ಮನೆ ನಡೆಸಿ ಗೊತ್ತಿಲ್ಲದವರು ಮರ್ಯಾದೆಯ ಮಾತಾಡುವುದು ಸುಲಭ. ನಿನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಕೂಡ ಹುಡುಗಿಯ ಉಗುರು ಯಾಕೆ ಕಪ್ಪು ಎಂದು ಕೇಳಿದ್ದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ.

ಪೇಪರಿನ ಹುಡುಗಿ ಇದ್ದಕ್ಕಿದ್ದ ಹಾಗೆ ಕೇಳಿದಳು. ಬಾಯಿಗೆ ಅದೇ ಬಂತು. ಹೇಳಿ ಹೇಳಿ ಅಭ್ಯಾಸವಾಗಿಬಿಟ್ಟಿದೆ.

ಗ್ಯಾರೇಜು ಯಾರದು? ಗಾಡಿಯ ಕಾಗದಪತ್ರ ಯಾರ ಹೆಸರಿನಲ್ಲಿದೆ? ಸ್ಪ್ಯಾನರ್ ಹಿಡಿಯುವುದನ್ನು ನಿನಗೆ ಕಲಿಸಿದ್ದು ಯಾರು? ಒಳಗಿನ ಅಕ್ಷರ ಒಳಗಿರಬೇಕು, ಅದು ಊರಿಗೆಲ್ಲ ಸಾರುವುದಕ್ಕಲ್ಲ. ನನ್ನ ಗುರುಗಳು ಹೇಳಿದ್ದು, ಅಕ್ಷರ ಹೊಡೆಯುವುದು ಹೆಸರಿಗಲ್ಲ, ನಾಳೆ ಇಂಜಿನ್ ಕೆಟ್ಟರೆ "ನಾನಲ್ಲ" ಎಂದು ನುಣುಚಿಕೊಳ್ಳಬಾರದು ಎಂದು. ಅರ್ಜಿಯನ್ನು ಆಗಲೇ ಕೊಟ್ಟಾಯಿತು. ಅದರಲ್ಲಿ ನನ್ನ ಹೆಸರಿದೆ.

ಚಿತ್ರದಲ್ಲಿ ಸುರಿಯುತ್ತಿರುವುದು ಟೂಟಿ ಆಯಿಲ್. ನೀನು ಹಾಕಿದ್ದ ಆಯಿಲ್ ಪಂಪು ತೊಟ್ಟಿಕ್ಕುತ್ತಿತ್ತು. ಜೂನಿನಲ್ಲಿ ಅದನ್ನು ಕಿತ್ತು, ತೂತಿಗೆ ಬೋಲ್ಟು ಹಾಕಿ ಮುಚ್ಚಿದ್ದೇನೆ. ಈಗ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತೇನೆ. ಲೂನಾ, ಎಜ್ಡಿ, ಆರ್‌ಎಕ್ಸ್, ಈ ಸೀಮೆಯ ಟೂ ಸ್ಟ್ರೋಕಿಗೆಲ್ಲ ನಲವತ್ತು ವರ್ಷ ಹೀಗೇ ಬೆರೆಸಿದ್ದೇನೆ. ನನ್ನ ಕೈಯಳತೆಯ ಗಾಡಿ ಒಂದೂ ಸೀಜ್ ಆಗಿ ಕಚ್ಚಿಕೊಂಡಿಲ್ಲ. ಪಂಪು ಎಣ್ಣೆ ಕೊಟ್ಟಿತೋ ಬಿಟ್ಟಿತೋ ಯಾರು ಕಂಡರು? ಬೆರೆಸಿದ್ದು ಕಣ್ಣಿಗೆ ಕಾಣುತ್ತದೆ.

ಊಟ ತಿಂಡಿ ಸರಿಯಾಗಿ ಮಾಡು.

ಇಂತಿ ನಿನ್ನ ಅಪ್ಪ,
ಶಿವರಾಜು


ನಂಜನಗೂಡು
6 ಆಗಸ್ಟ್ 2024

ಅಪ್ಪನಿಗೆ,

ಹೆಸರಿನ ಜಗಳ ಆಮೇಲೆ ಆಡೋಣ. ಮೊದಲು ಗಾಡಿಯ ಕೀಲಿ ತೆಗೆದು ಅಮ್ಮನ ಕೈಗೆ ಕೊಡಿ.

ಪಂಪು ಕಿತ್ತಿದ್ದೀರಿ! ಅದನ್ನು ಓದಿ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತಟ್ಟೆ ಬಿಟ್ಟು ಎದ್ದುಬಂದೆ. ಲೂನಾಗೂ ಇದಕ್ಕೂ ಏನು ಸಂಬಂಧ? ಲೂನಾದಲ್ಲಿ ಪೆಟ್ರೋಲು ಹೋದ ಕಡೆಗೆಲ್ಲ ಎಣ್ಣೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಎಮ್ಮೆಯಲ್ಲಿ ಕ್ರ್ಯಾಂಕಿನ ಎರಡು ತುದಿಯ ಬೇರಿಂಗುಗಳಿಗೆ ಪೆಟ್ರೋಲು ಹೋಗುವುದೇ ಇಲ್ಲ. ಅವಕ್ಕೆ ಎಣ್ಣೆ ಮುಟ್ಟಿಸುವುದು ಪಂಪಿನಿಂದ ಹೋಗುವ ಆ ಸಣ್ಣ ಕೊಳವೆ ಮಾತ್ರ. ನೀವು ಟ್ಯಾಂಕಿಗೆ ಎಣ್ಣೆಯ ಡಬ್ಬವನ್ನೇ ಬಗ್ಗಿಸಿದರೂ ಆ ಎರಡಕ್ಕೆ ಒಂದು ತೊಟ್ಟೂ ಸಿಗುವುದಿಲ್ಲ. ಈಗ ಅವು ಒಣಗಿ ತಿರುಗುತ್ತಿವೆ. ಶೆಡ್ಡಿನಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಏನೂ ತಿಳಿಯುವುದಿಲ್ಲ. ಮೈಸೂರಿನವರೆಗೆ ಓಡಿಸಿದರೆ ಎಡಗಡೆಯ ಬೇರಿಂಗು ಮೊದಲು ಸುಡುತ್ತದೆ, ಓಡುತ್ತಿರುವ ಹಾಗೇ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಇಂಜಿನ್ ಮುಚ್ಚಿದ ದಿನವೇ ಇದನ್ನು ನಿಮಗೆ ಹೇಳಿದ್ದೆ. ನೀವು ತಲೆಯಾಡಿಸಿದಿರಿ. ನಿಮಗೆ ಕೇಳಿಸಿತ್ತು ಎಂದುಕೊಂಡಿದ್ದೆ.

ತೊಟ್ಟಿಕ್ಕುತ್ತಿದ್ದರೆ ಪಂಪಿನ ಸೀಲು ಬದಲಾಯಿಸಬೇಕಿತ್ತು. ಹತ್ತು ನಿಮಿಷದ ಕೆಲಸ. ಸೀಲು ನನ್ನ ಹತ್ತಿರ ಇತ್ತು. ಕೇಳಿದ್ದರೆ ಬಸ್ಸಿನವರ ಕೈಲಿ ಕಳಿಸುತ್ತಿದ್ದೆ. ಕೇಳಬೇಕಿತ್ತಲ್ಲ, ಅದು ನಿಮಗೆ ಆಗದ ಕೆಲಸ.

"ನೀವು" ಎಂದದ್ದಕ್ಕೆ ನೋವಾಯಿತೇ? ಗ್ಯಾರೇಜಿಗೆ ಬಂದವರನ್ನೆಲ್ಲ ನಾವು ನೀವು ಎಂದೇ ಮಾತಾಡಿಸುವುದು. ನನ್ನನ್ನು ಗಿರಾಕಿಯ ಮುಂದೆ ಬಿಟ್ಟುಕೊಟ್ಟವರು ನನಗೂ ಗಿರಾಕಿಯೇ.

ಗಾಡಿ ಸ್ಟಾರ್ಟ್ ಮಾಡಬೇಡಿ.

ನಂದಿತಾ ಎಸ್.


ತಿ. ನರಸೀಪುರ
19 ಆಗಸ್ಟ್ 2024

ಚಿ. ನಂದಿತಾಳಿಗೆ ಆಶೀರ್ವಾದ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಬುದ್ಧಿ ಹೇಳುವುದರಲ್ಲಿ ನೀನು ನನ್ನನ್ನು ಮೀರಿಸಿದ್ದೀಯ.

ಎಮ್ಮೆಯನ್ನು ನಿನ್ನೆ ಸಂಗಮದವರೆಗೆ ಓಡಿಸಿದೆ. ಬರುವಾಗ ಸೇತುವೆಯ ಮೇಲೆ ನಾಲ್ಕನೇ ಗೇರಿನಲ್ಲಿ ಬೆಣ್ಣೆಯ ಹಾಗೆ ಹೋಯಿತು. ಜನ ನಿಂತು ನೋಡಿದರು. ನಿನ್ನ ಮ್ಯಾನ್ಯುಯಲ್ಲು ಜಪಾನಿನ ರಸ್ತೆಗೆ, ಜಪಾನಿನ ಎಣ್ಣೆಗೆ ಬರೆದದ್ದು. ಇಲ್ಲಿಯ ಧೂಳು, ಇಲ್ಲಿಯ ಪೆಟ್ರೋಲು ಅದನ್ನು ಬರೆದವನಿಗೆ ಗೊತ್ತಿಲ್ಲ.

ಗಿರಾಕಿ ಎಂದು ಬರೆದಿದ್ದೀಯ. ನಿನ್ನಮ್ಮ ಕೇಳಿ ಒಳಗೆ ಹೋದಳು. ಮೂರು ವರ್ಷ ಮನೆಗೆ ಬಾರದವಳು, ಹಬ್ಬಕ್ಕೆ ಕೂಡ ಅಮ್ಮನನ್ನೇ ನಂಜನಗೂಡಿಗೆ ಕರೆಸಿಕೊಂಡವಳು ನೀನು. ನಾನು ಗ್ಯಾರೇಜಿನಲ್ಲಿ ಒಬ್ಬನೇ ಕೂತು ಯಾರ ಹತ್ತಿರ ಸೀಲು ಕೇಳಬೇಕಿತ್ತು? ಹೋಗುವಾಗ ಮ್ಯಾನ್ಯುಯಲ್ಲನ್ನೂ ಎತ್ತಿಕೊಂಡು ಹೋದೆಯಲ್ಲ, ಅದು ನನಗೆ ಬೇಕಾಗಬಹುದು ಎಂದು ನಿನಗೆ ಅನಿಸಲಿಲ್ಲವೇ? ಇಂಗ್ಲಿಷು ಬರುವುದಿಲ್ಲ, ಆದರೆ ಚಿತ್ರ ನೋಡುತ್ತಿದ್ದೆ.

ಕೀಲಿ ನನ್ನ ಜೇಬಿನಲ್ಲಿದೆ. ಅಲ್ಲೇ ಇರುತ್ತದೆ. ನಿನಗೆ ಉತ್ತರವನ್ನು ಕಾಗದದಲ್ಲಿ ಬರೆಯುವುದಿಲ್ಲ, ಬೇರೆ ಥರ ಕೊಡುತ್ತೇನೆ.

ಶಿವರಾಜು


ನಂಜನಗೂಡು
10 ಸೆಪ್ಟೆಂಬರ್ 2024

ಅಪ್ಪನಿಗೆ,

ನಿನ್ನೆ ಮಧ್ಯಾಹ್ನದ ಶಿಫ್ಟಿಗೆ ಬಂದ ನಂಜೇಶ್ ನನ್ನನ್ನು ಹುಡುಕಿಕೊಂಡು ಬಂದು ಹೇಳಿದ. ಅವನ ಊರು ಬಿಳಿಗೆರೆ. ದಾರಿಯಲ್ಲಿ ಒಂದು ಗೂಡ್ಸ್ ಆಟೋ ಎದುರಾಯಿತಂತೆ. ಹಿಂದೆ ನಾಲ್ಕು ಸೈಲೆನ್ಸರಿನ ಗಾಡಿಯನ್ನು ಹಗ್ಗ ಹಾಕಿ ಕಟ್ಟಿತ್ತಂತೆ, ಪಕ್ಕದಲ್ಲಿ ಪೇಪರಿನಲ್ಲಿದ್ದ ಯಜಮಾನರು ಕೂತಿದ್ದರಂತೆ.

ಸೀಜ್ ಮಾಡಿದಿರಿ ತಾನೇ? ಹೇಳಬೇಡಿ, ಗೊತ್ತು. ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ನಿನ್ನೆಯಿಂದ ಮೂರು ಸಲ ಗೇಜು ತಪ್ಪು ಓದಿದ್ದೇನೆ. ಎಂಟು ವರ್ಷ ಕೂದಲೂ ಕೊಂಕದೆ ಓಡಿದ ಇಂಜಿನ್. ಅದನ್ನು ಕೊಂದದ್ದು ಧೂಳಲ್ಲ, ಪೆಟ್ರೋಲಲ್ಲ. ಮಗಳು ಹೇಳಿದ್ದು ಎಂಬ ಒಂದೇ ಕಾರಣಕ್ಕೆ ನೀವು ಅದನ್ನು ಕೊಂದಿರಿ. ಇದೇ ಮಾತನ್ನು ಯಾವನಾದರೂ ಮಧುಕುಮಾರನೋ ರಂಗಸ್ವಾಮಿಯೋ ಹೇಳಿದ್ದರೆ ಬಿಚ್ಚಿ ನೋಡುತ್ತಿದ್ದಿರಿ.

ಬೇರಿಂಗು ಸಾಯುವ ಮೊದಲು ಕಿರುಗುಟ್ಟುತ್ತದೆ. ಎರಡು ಮೂರು ಕಿಲೋಮೀಟರು ಕಿರುಗುಟ್ಟಿರುತ್ತದೆ. ಅದೂ ಕೇಳಿಸಲಿಲ್ಲವೇ?

ಒಂದು ಮಾತ್ರ ನನಗೆ ಅರ್ಥವಾಗುತ್ತಿಲ್ಲ. ಮೈಸೂರಿಗೆ ಹೋಗುವ ದಾರಿ ಅದಲ್ಲ. ಪ್ರದರ್ಶನಕ್ಕೆ ಇನ್ನೂ ಹದಿಮೂರು ದಿನವಿತ್ತು. ಬಿಳಿಗೆರೆಯ ಹತ್ತಿರ ನಿಮಗೇನು ಕೆಲಸ?

ನಂದಿತಾ ಎಸ್.


ತಿ. ನರಸೀಪುರ
13 ಸೆಪ್ಟೆಂಬರ್ 2024

ನಂದೂ,

ಅಮ್ಮ ಬರೀತಿರೋದು. ನಿನ್ ಕಾಗ್ದ ಬಂತು. ನಿಮ್ಮಪ್ಪನಿಗೆ ಇನ್ನೂ ಕೊಟ್ಟಿಲ್ಲ ಕಣವ್ವ, ಸೆರಗಲ್ಲಿ ಇಟ್ಕಂಡಿವ್ನಿ.

ಗಾಡಿ ಒಂದೇ ಅಲ್ಲ ಬಿದ್ದಿದ್ದು. ಚಕ್ರ ಕಚ್ಕಂಡು ಗದ್ದೆ ಬದೀಗೆ ಎಸೀತಂತೆ. ಕಾಲ್ ಗಿಣ್ಣು ಮುರ್ದದೆ, ಸಿಮೆಂಟ್ ಪಟ್ಟಿ ಹಾಕವ್ರೆ. ಆಟೋದಲ್ಲಿ ಕೂತ್ಕಂಡು ಬಂದ್ರಲ್ಲ, ಆ ಮುರ್ದ ಕಾಲ್ನಲ್ಲೇ ಬಂದಿದ್ದು. ಮೊದ್ಲು ಎಮ್ಮೇನ ಶೆಡ್‌ನಲ್ಲಿ ಇಳ್ಸಿ ಆಮೇಲೆ ಆಸ್ಪತ್ರೆಗೆ ಓದ್ರು. ಇಲ್ಲೇ ತಾಲೂಕಾಸ್ಪತ್ರೇಲಿ ಅವ್ರೆ.

ನಿಂಗೆ ಏಳ್ಬ್ಯಾಡ ಅಂದವ್ರೆ. ನಾನು ಏಳ್ತಾ ಇಲ್ಲ, ಬರೀತಾ ಇವ್ನಿ. ನಿಮ್ಮಿಬ್ರಿಗೂ ಒಂದೇ ಗಂಟ್ಲು, ಒಂದೇ ಅಟ. ಬತ್ತೀಯೋ ಬುಡ್ತೀಯೋ ನಿನ್ ಇಷ್ಟ.

ಚನ್ನಾಜಮ್ಮ


ತಿ. ನರಸೀಪುರ
20 ಅಕ್ಟೋಬರ್ 2024

ಚಿ. ನಂದಿತಾಳಿಗೆ,

ಇಷ್ಟು ದಿನ ಬರೆಯಲಿಲ್ಲ. ಕಾಲಿನ ಪಟ್ಟಿ ಹೋದ ವಾರ ಬಿಚ್ಚಿದರು. ನಿನ್ನ ಹತ್ತನೇ ತಾರೀಕಿನ ಕಾಗದವನ್ನು ನಿನ್ನಮ್ಮ ಆಮೇಲೆ ಕೊಟ್ಟಳು.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ಮಂಚದ ಪಕ್ಕದಲ್ಲಿ ಒಂದು ಚಿಪ್ಪು ರಸಬಾಳೆ ಇತ್ತು. ಯಾರು ತಂದದ್ದು ಎಂದರೆ ನಿನ್ನಮ್ಮ ಕಿಟಕಿಯ ಕಡೆ ನೋಡಿದಳು. ರಸಬಾಳೆ ಈ ಊರಿನಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಎಬ್ಬಿಸಿ ಬೈದು ಹೋಗಬಹುದಿತ್ತು.

ಬಿಳಿಗೆರೆಯಲ್ಲಿ ಏನು ಕೆಲಸ ಎಂದು ಕೇಳಿದ್ದೀಯ. ನಿನ್ನ ಫ್ಯಾಕ್ಟರಿಗೆ ಬರುತ್ತಿದ್ದೆ. ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಮುಂದೆ ಎಮ್ಮೆ ನಿಲ್ಲಿಸಿ, ಎಲ್ಲರೆದುರಿಗೆ ಹಾರನ್ ಹೊಡೆದು, "ನೋಡು, ನಿನ್ನ ಪಂಪಿಲ್ಲದೆ ನರಸೀಪುರದಿಂದ ಬಂದಿದ್ದೇನೆ" ಎಂದು ಹೇಳುವವನಿದ್ದೆ. ರಾಜಿಗೆ ಬರುತ್ತಿದ್ದೆ ಎಂದು ನಿನ್ನಮ್ಮ ಅವರಿವರ ಹತ್ತಿರ ಹೇಳುತ್ತಿದ್ದಾಳೆ. ಅದು ಸುಳ್ಳು. ಗೆಲ್ಲಲು ಬರುತ್ತಿದ್ದೆ. ಹದಿನೈದು ಕಿಲೋಮೀಟರು ಉಳಿದಿತ್ತು.

ಬಿದ್ದಾಗ ನನ್ನನ್ನು ಎತ್ತಿ ಕೂರಿಸಿದವರು ಹಿಂದೆ ಹಾಲಿನ ಕ್ಯಾನ್ ಹಾಕಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದವರು. ನೀರು ಕುಡಿಸಿ ಅವರು ಕೇಳಿದ್ದು, "ಅಷ್ಟೊತ್ತಿಂದ ಕಿರ್ರೋ ಅಂತಾ ಇತ್ತಲ್ಲ ಯಜಮಾನ್ರೇ, ಯಾಕ್ ನಿಲ್ಲುಸ್ನಿಲ್ಲ?" ಹಿಂದಿನ ಗಾಡಿಯವರಿಗೆ ಕೇಳಿಸಿದೆ. ಮೇಲೆ ಕೂತವನಿಗೆ ಕೇಳಿಸಲಿಲ್ಲ. ಅವತ್ತು ಆಟೋದಲ್ಲಿ ಕಾಲಿನ ನೋವಿಗಿಂತ ಅದೇ ಹೆಚ್ಚಾಗಿತ್ತು. ನಂದಿತಾ, ನನ್ನ ಕಿವಿ ಹೋಗಿದೆ. ಎಂಟೊಂಬತ್ತು ವರ್ಷವಾಯಿತು. ಇಂಜಿನ್ನಿನ ಮೇಲೆ ಸ್ಕ್ರೂ ಡ್ರೈವರ್ ಇಟ್ಟು ಅದರ ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕೇಳುವಂತೆ ನಟನೆ ಮಾಡುತ್ತೇನೆ. ಕೈಗೆ ಇಂಜಿನ್ನಿನ ನಡುಕ ತಿಳಿಯುತ್ತದೆ, ಅಷ್ಟರಲ್ಲೇ ಸಂಭಾಳಿಸುತ್ತಿದ್ದೇನೆ. ಕೇಳಿಸುತ್ತದೆ ಎಂದು ನಂಬಿಯೇ ಜನ ಗಾಡಿ ತರುವುದು.

ಪ್ರದರ್ಶನದವರಿಗೆ ಗಾಡಿ ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಪೇಪರಿನ ಹುಡುಗಿಗೂ ಫೋನ್ ಮಾಡಿಸಿದೆ, ತಪ್ಪು ಹೇಳಿದ್ದೆ, ತಿದ್ದಿ ಹಾಕಮ್ಮ ಎಂದು. ಮೂರು ತಿಂಗಳ ಹಿಂದಿನದನ್ನು ಈಗ ಹಾಕಲಾಗುವುದಿಲ್ಲವಂತೆ.

ಆಮೇಲೆ ಒಂದು ದಿನ ನಟರಾಜ್ ಬಂದರು, ಅದೇ ಆರ್‌ಎಕ್ಸಿನಲ್ಲಿ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಹತ್ತಿರ ಐದಾರು ಜನರಿದ್ದರು. ನಾನು ಕೋಲೂರಿಕೊಂಡು ಹೋಗಿ ಅವರೆದುರಿಗೇ ಹೇಳಿದೆ: "ಮೂರು ವರ್ಸದಿಂದ ಓಡುಸ್ತಾ ಇದೀರಲ್ಲ ಸಾ, ಈ ಇಂಜಿನ್ ಕಟ್ಟಿದ್ದು ನನ್ ಮಗ್ಳು. ನಾನಲ್ಲ." ಅವರ ಮುಖ ಕೆಂಪಾಯಿತು. ಗಾಡಿಯನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು. ಟೀ ಪೂರ್ತಿ ಕುಡಿದು, ಹೋಗುವಾಗ ಕಾರ್ಬ್ಯುರೇಟರ್ ಸೋರುತ್ತಿದೆ, ಅವಳು ಯಾವಾಗ ಬರುತ್ತಾಳೆ ಎಂದು ಕೇಳಿದರು. ಈ ಮಾತಿಗೆ ನಾನು ಮೂರು ವರ್ಷ ಹೆದರಿದ್ದೆ.

ಮೊನ್ನೆ ವೆಲ್ಡಿಂಗ್ ಅಂಗಡಿಯ ರಂಗಸ್ವಾಮಿಯ ಕೈ ಹಿಡಿಸಿಕೊಂಡು ಎಮ್ಮೆಯ ಇಂಜಿನ್ ಇಳಿಸಿದೆ. ಬಿಚ್ಚಿದೆ. ಎಡಗಡೆಯ ಬೇರಿಂಗು, ನೀನು ಬರೆದದ್ದೇ. ಸುಟ್ಟು ನೀಲಿಯಾಗಿದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಇದರ ಜೊತೆ ಕಳಿಸುತ್ತಿದ್ದೇನೆ. ಬಯ್ಯುವುದಕ್ಕೆ ಎದುರಿಗೆ ಇಟ್ಟುಕೋ.

ಆಮೇಲೆ ಇಂಜಿನ್ ಕೇಸಿನ ಒಳಗೆ ಅಕ್ಷರ ನೋಡಿದೆ. "ನ" ಎಂದು ಒಂದೇ ಇರುತ್ತದೆ ಎಂದುಕೊಂಡಿದ್ದೆ. ಅದರ ಮೇಲೆ "ಶಿ" ಎಂದೂ ಹೊಡೆದಿದ್ದೀಯ. ಮೊದಲು ನನ್ನದು, ಕೆಳಗೆ ನಿನ್ನದು. ಮೊಣಕಾಲಿನ ಮೇಲೆ ಆ ಕೇಸು ಇಟ್ಟುಕೊಂಡು ಕೂತಿದ್ದೆ, ನಿನ್ನಮ್ಮ ಊಟಕ್ಕೆ ಕರೆಯಲು ಬಂದು ಬೆನ್ನು ತಟ್ಟಿದಳು.

ಯಾರು ಕಟ್ಟುತ್ತಾರೋ ಅವರ ಒಂದಕ್ಷರ, ಅದು ಪದ್ಧತಿ. ಭುಜ ಮುರಿದ ಮೇಲೆ ನಾಲ್ಕು ವರ್ಷ ಆ ಇಂಜಿನ್ನಿನಲ್ಲಿ ನಾನು ಒಂದು ನಟ್ಟನ್ನೂ ಬಿಗಿದಿಲ್ಲ. ಆಮೇಲೆ ಊರಿಗೆಲ್ಲ ಸುಳ್ಳು ಹೇಳಿದವನ ಹೆಸರನ್ನು ನೀನು ಯಾಕೆ ಒಳಗೆ ಹೊಡೆದೆ? ಕಾಗದದಲ್ಲಿ ಒಂದು ಸಲವೂ ಅದನ್ನು ಬರೆಯಲಿಲ್ಲವಲ್ಲ. ಬರೆದಿದ್ದರೆ ನಾನು ಅವತ್ತೇ ಸೋಲುತ್ತಿದ್ದೆ.

ಇಂತಿ,
ನಿನ್ನ ಅಪ್ಪ


ನಂಜನಗೂಡು
23 ಅಕ್ಟೋಬರ್ 2024

ಅಪ್ಪನಿಗೆ,

ಬೇರಿಂಗು ಬಂತು. ಫ್ಯಾಕ್ಟರಿಯಲ್ಲಿ ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ನೋಡಿದಾಗಲೆಲ್ಲ ಬೈಯುತ್ತಿದ್ದೇನೆ, ಬಾಯಿ ನೋಯುವವರೆಗೆ.

ನನ್ನ ಸಿಟ್ಟು ಹೋಯಿತು ಎಂದುಕೊಳ್ಳಬೇಡ. ಟೀ ಅಂಗಡಿಯ ಮುಂದೆ ಒಂದು ಮಾತು ಹೇಳಿದ್ದಕ್ಕೆ ಮೂರು ವರ್ಷ ಅಳಿಸಿಹೋಗುವುದಿಲ್ಲ. ಪೇಪರಿನ ಆ ಸಾಲು ಇನ್ನೂ ನನ್ನ ಪರ್ಸಿನಲ್ಲಿದೆ. ಕಿವಿ ಹೋದದ್ದನ್ನು ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಬೇರೆ ಸಿಟ್ಟು ಬಂದಿದೆ. ನಾನು ಮನೆಯಲ್ಲಿದ್ದಾಗಲೇ ಹೋಗಿತ್ತಲ್ಲ! ನಾನು ಹೇಳಿದ್ದನ್ನು ನೀನು ಬೇಕೆಂದೇ ತಳ್ಳಿಹಾಕುತ್ತಿದ್ದೀಯ ಎಂದು ಎಷ್ಟು ದಿನ ಉರಿದುಕೊಂಡಿದ್ದೇನೆ. ಮುಂದಿನ ತಿಂಗಳು ಮೈಸೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಮಷೀನು ಹಾಕಿಸುತ್ತೇನೆ. ಬೇಡ ಎಂದರೆ ಅಮ್ಮನೂ ನಾನೂ ಸೇರಿ ಹೊತ್ತುಕೊಂಡು ಹೋಗುತ್ತೇವೆ.

ಬರುವ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಬೇರಿಂಗು ತರಿಸಿದಾಗ ಎರಡು ಜೊತೆ ತರಿಸಿದ್ದೆ, ಒಂದು ಜೊತೆ ನನ್ನ ಪೆಟ್ಟಿಗೆಯಲ್ಲಿ ಹಾಗೇ ಇದೆ. ಪಂಪಿನ ಸೀಲೂ ಇದೆ. ಕಿತ್ತ ಪಂಪನ್ನು ಎಲ್ಲಿ ಎಸೆದಿದ್ದೀಯೋ ಹುಡುಕಿಡು. ಕೇಸನ್ನು ಸೀಮೆಎಣ್ಣೆ ಸಿಕ್ಕದಿದ್ದರೆ ಡೀಸೆಲಿನಲ್ಲಿ ತೊಳೆದಿಡು. ಬೆಂಚಿನ ಮೇಲೆ ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳು, ಎಲ್ಲವನ್ನೂ ವರಸೆಯಾಗಿ ಜೋಡಿಸು. ನಾನು ಕೂಗುವ ನಂಬರು ನಿನಗೆ ಕೇಳಿಸುವುದಿಲ್ಲ, ಬೆರಳಿನಲ್ಲಿ ತೋರಿಸುತ್ತೇನೆ. ಬೋಲ್ಟು ನಾನು ಬಿಗಿಯುತ್ತೇನೆ. ನಡುವೆ ಬುದ್ಧಿ ಹೇಳಿದರೆ ವಾಪಸು ಬಸ್ಸು ಹತ್ತುತ್ತೇನೆ.

"ಶಿ" ಯಾಕೆ ಹೊಡೆದೆ ಎಂದು ಕೇಳಿದ್ದೀಯ. ನಾಲ್ಕು ವರ್ಷ, ಮುರಿದ ಭುಜ ಇಟ್ಟುಕೊಂಡು, ಆ ಎಣ್ಣೆ ಡಬ್ಬದ ಮೇಲೆ ಕೂತು, ನಾನು ತಲೆಯೆತ್ತದೆ ಕೈ ಚಾಚಿದಾಗಲೆಲ್ಲ ಎಡಗೈಯಲ್ಲಿ ಸರಿಯಾದ ಸ್ಪ್ಯಾನರನ್ನೇ ಎತ್ತಿಕೊಟ್ಟವನು ನೀನು. ಒಂದು ದಿನವೂ ತಪ್ಪಲಿಲ್ಲ. ಅದಕ್ಕೆ.

ನಂದೂ